ಕಂಪ್ಲಿಯ ನೀರುನಾಯಿ ಮತ್ತು ನನ್ನ ಹೊಟ್ಟೆಕಿಚ್ಚು

ನನಗೊಂದು ಕೆಟ್ಟ ಚಟವಿದೆ. ಯಾರದೇ ಫೋಟೊ ಕಣ್ಣಿಗೆ ಬೀಳಲಿ, ಎರಡು ಬೆರಳು ತಾವಾಗಿಯೇ ಹೋಗಿ ಅದನ್ನು ಹಿಗ್ಗಿಸುತ್ತವೆ. ಹಕ್ಕಿಯ ಕಣ್ಣು ಸ್ಪಷ್ಟವಾಗಿದೆಯೇ, ರೆಕ್ಕೆಯ ಅಂಚು ಕಲಸಿಹೋಗಿದೆಯೇ, ಹಿಂದೆ ಎಲ್ಲಾದರೂ ಕರೆಂಟಿನ ತಂತಿ ತೂರಿಕೊಂಡಿದೆಯೇ ಎಂದು ಹುಡುಕುವುದು. ತಪ್ಪು ಸಿಕ್ಕರೆ ಒಂಥರಾ ಸಮಾಧಾನ. ಸಿಗದಿದ್ದರೆ ಅವತ್ತು ಊಟ ರುಚಿಸುವುದಿಲ್ಲ. ಮೊನ್ನೆ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನಮ್ಮ ಪಕ್ಕದ ಮನೆಯವರು ಮಗಳ ಮದುವೆಯ ಕಾರ್ಡು ಕೊಡಲು ಬಂದಿದ್ದರು. ಕಾರ್ಡಿನ ಮೇಲೊಂದು ನವಿಲಿತ್ತು. ನಾನು ಅವರೆದುರಿಗೇ ಆ ಕಾಗದದ ನವಿಲಿನ ಮೇಲೆ ಎರಡು ಬೆರಳಿಟ್ಟು ಹಿಗ್ಗಿಸಲು ಹೋದೆ.

"ಯಾಕ್ರೀ ಮೇಡಂ, ಏನರ ಹತ್ತೇತೇನ್ರಿ ಅದಕ್ಕ?" ಎಂದು ಅವರು ಗಾಬರಿಯಾದರು.

"ಇಲ್ರೀ, ಭಾಳ ಚಂದ ಮಾಡಿಸೀರಿ," ಎಂದು ಬೆರಳನ್ನು ಸೆರಗಿನೊಳಗೆ ಎಳೆದುಕೊಂಡೆ. ಒಳಗೆ ಪೇಪರು ಓದುತ್ತಿದ್ದ ನಮ್ಮ ಯಜಮಾನರು ನಕ್ಕಿದ್ದು ಕೇಳಿಸಿತು.

ಇದಕ್ಕೆ ಹೊಟ್ಟೆಕಿಚ್ಚು ಎಂದು ಹೆಸರು. ಬೇರೆ ಯಾವ ಒಳ್ಳೆಯ ಹೆಸರನ್ನೂ ನಾನು ಕೊಡಲಾರೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಮಕ್ಕಳಿಗೆ ಜಠರದಲ್ಲಿ ಆಮ್ಲವಿರುತ್ತದೆ ಎಂದು ಪಾಠ ಮಾಡುವಾಗ ನನ್ನ ಧ್ವನಿಯಲ್ಲಿ ಅನುಭವದ ತೂಕ ಇರುತ್ತದೆ.

ಚಿಕ್ಕಂದಿನಿಂದ ಬಂದದ್ದು ಇದು. ಅಪ್ಪ ಸಂಡೂರಿನಲ್ಲಿ ಗಣಿಯೊಂದರ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ನಮ್ಮ ಓಣಿಯಲ್ಲಿ ಎಲ್ಲವೂ ಕೆಂಪು: ಗೋಡೆ ಕೆಂಪು, ಹುಣಸೆಮರದ ಎಲೆ ಕೆಂಪು, ಬಿಳಿ ಸಾಕ್ಸು ಒಂದೇ ದಿನಕ್ಕೆ ಕೆಂಪು. ಆದರೆ ನನ್ನ ಕ್ಲಾಸಿನ ಗಿರಿಜಾ ಎಂಬ ಹುಡುಗಿಯ ಸಾಕ್ಸು ಮಾತ್ರ ಶನಿವಾರದವರೆಗೂ ಬೆಳ್ಳಗಿರುತ್ತಿತ್ತು. ಅದು ಹೇಗೆಂದು ತಿಳಿಯಲು ನಾನು ಅವಳ ಮನೆಯವರೆಗೂ ಹಿಂಬಾಲಿಸಿ ಹೋಗಿದ್ದೆ. ಏಳನೇ ಕ್ಲಾಸಿನ ಗ್ರೂಪ್ ಫೋಟೊದಲ್ಲಿ ಅವಳು ನನ್ನ ಮುಂದೆ ನಿಂತಿದ್ದಳು. ಅವಳ ರಿಬ್ಬನ್ನಿನ ಹೂವು ಎಷ್ಟು ದೊಡ್ಡದಿತ್ತೆಂದರೆ, ಅದರ ಹಿಂದೆ ನನ್ನದು ಒಂದು ಕಿವಿ ಮಾತ್ರ ಕಾಣಿಸುತ್ತದೆ. ಫೋಟೊ ಮನೆಗೆ ತಂದು ಅತ್ತೆ. ಅವ್ವ ಅದನ್ನು ಬೆಳಕಿಗೆ ಹಿಡಿದು ನೋಡಿ, "ಕಿವಿ ಭಾಳ ಚಂದ ಬಂದೈತೆವ್ವ, ಅಳಬ್ಯಾಡ," ಎಂದಳು. ನನಗೆ ಕ್ಯಾಮೆರಾದ ಹುಚ್ಚು ಹತ್ತಿದ್ದು ಅವತ್ತೇ ಇರಬೇಕು. ಹಿಂದೆ ನಿಂತು ಕಿವಿ ಕೊಡುವುದಕ್ಕಿಂತ ಎದುರಿಗೆ ನಿಂತು ಕ್ಲಿಕ್ಕಿಸುವುದು ಮೇಲು ಎನ್ನಿಸಿತು.

ಆ ಹುಚ್ಚು ನನ್ನನ್ನು ತಂದು ಬಿಟ್ಟದ್ದು 'ರೆಕ್ಕೆ ಬಾಲ ಬಳಗ'ಕ್ಕೆ. ಮೊಬೈಲಿನಲ್ಲಿ ನಡೆಯುವ ಬಳಗ ಅದು. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಕಡೆಯ ಹಕ್ಕಿ, ಪ್ರಾಣಿ, ಚಿಟ್ಟೆಗಳ ಫೋಟೊ ತೆಗೆಯುವ ಅರವತ್ತು ಎಪ್ಪತ್ತು ಮಂದಿ ಅದರಲ್ಲಿದ್ದಾರೆ. ಹಂಪಿಯ ಆಟೊ ಹುಸೇನಪ್ಪ ಮತ್ತು ನಾನು ಸೇರಿ ಅದನ್ನು ಶುರುಮಾಡಿದೆವು. ಹುಸೇನಪ್ಪ ಪ್ರವಾಸಿಗರನ್ನು ಗುಡಿಯ ಮುಂದೆ ಇಳಿಸಿ, ಅವರು ಕಲ್ಲು ನೋಡಿ ಬರುವಷ್ಟರಲ್ಲಿ ಕಲ್ಲಿನ ಮೇಲಿನ ಹಕ್ಕಿ ಹಿಡಿಯುವ ಮನುಷ್ಯ. ನಿಯಮಗಳನ್ನು ಬರೆದವಳು ನಾನು. ಹಕ್ಕಿಯ ದನಿ ಮೊಬೈಲಿನಲ್ಲಿ ಹಾಕಿ ಅದನ್ನು ಮೋಸದಿಂದ ಕರೆಯಬಾರದು. ಜಾಗ ಹೇಳಬಾರದು. ಮರಿಗಳಿರುವ ಗೂಡು, ಬಿಲಗಳ ಚಿತ್ರ ಹಾಕಬಾರದು. ಹಾಕಿದರೆ ನೋಡಿದವರೆಲ್ಲ ಕ್ಯಾಮೆರಾ ಹೊತ್ತು ಅಲ್ಲಿಗೇ ನುಗ್ಗುತ್ತಾರೆ, ತಾಯಿ ಮರಿ ಬಿಟ್ಟು ಓಡುತ್ತದೆ.

ಹುಸೇನಪ್ಪ ಸೇರಿಸಿದ್ದು ಒಂದೇ ನಿಯಮ: ಸೋಮವಾರ ಕೆಟ್ಟ ಫೋಟೊ ಮಾತ್ರ. ಹಕ್ಕಿ ಹಾರಿಹೋಗಿ ಬಾಲವಷ್ಟೇ ಉಳಿದದ್ದು, ಕೈ ನಡುಗಿ ಕೊಕ್ಕರೆ ಹೊಗೆಯಂತಾದದ್ದು, ಮೊಲಕ್ಕೆಂದು ಗುರಿಯಿಟ್ಟು ಚಪ್ಪಲಿ ಬಂದದ್ದು. ಇದಕ್ಕೆ 'ಬಾಲ ಸೋಮವಾರ' ಎಂದು ಹೆಸರು ಬಿತ್ತು. ಬೆಳಿಗ್ಗೆ ಹಾಲು ಉಕ್ಕುವ ಹೊತ್ತಿಗೆ ಶುರುವಾಗುವ ಗದ್ದಲ ಶಾಲೆಯ ಪ್ರಾರ್ಥನೆಯ ಗಂಟೆಯವರೆಗೂ ನಡೆಯುತ್ತಿತ್ತು. ಸೋಮವಾರ ಯಾರಿಗೂ ಇಷ್ಟವಾಗುವ ದಿನವಲ್ಲ, ನಮಗೆ ಮಾತ್ರ ಅದು ಹಬ್ಬ.

ಅಂಥದ್ದೊಂದು ಸೋಮವಾರ ಶಾರದಕ್ಕ ಬಂದರು. ಕಂಪ್ಲಿಯ ಅಕ್ಕಿ ಗಿರಣಿಯ ಮನೆಯ ಹೆಣ್ಣುಮಗಳು, ನನಗಿಂತ ಹತ್ತು ವರ್ಷ ದೊಡ್ಡವರು. ಅವರು ಹಾಕಿದ ಮೊದಲ ಫೋಟೊದಲ್ಲಿ ಒಂದು ಖಾಲಿ ಕೊಂಬೆಯಿತ್ತು. ಕೆಳಗೆ ಬರೆದಿದ್ದರು: "ಶರಣ್ರೀ ಎಲ್ಲಾರಿಗೂ. ಇಲ್ಲಿ ಮಿಂಚುಳ್ಳಿ ಕುಂತಿತ್ರಿ. ನಂಬ್ರಿ."

ನಾನು ಕುಕ್ಕರಿನ ಮುಂದೆ ನಿಂತು ಕಣ್ಣಲ್ಲಿ ನೀರು ಬರುವಂತೆ ನಕ್ಕೆ. ಮರುವಾರ ಇನ್ನೊಂದು ಖಾಲಿ ಕೊಂಬೆ: "ಇದು ಅದ ಕೊಂಬಿ ಅಲ್ರೀ, ಬ್ಯಾರೇದು. ಹಕ್ಕೀನೂ ಬ್ಯಾರೇದು." ನಮ್ಮ ಸ್ನೇಹ ಆ ಖಾಲಿ ಕೊಂಬೆಗಳ ಮೇಲೆ ಕುದುರಿತು. ನಾನು ಅವರಿಗೆ ಹಕ್ಕಿಗಳ ಹೆಸರು ಹೇಳಿಕೊಟ್ಟೆ, ಸೂರ್ಯನನ್ನು ಬೆನ್ನಿಗೆ ಹಾಕಿಕೊಳ್ಳಬೇಕೆಂದು ಹೇಳಿಕೊಟ್ಟೆ, ಉಸಿರು ಬಿಗಿಹಿಡಿದು ಗುಂಡಿ ಒತ್ತಬೇಕೆಂದು ಹೇಳಿಕೊಟ್ಟೆ. "ಉಸಿರು ಹಿಡದು ಹಿಡದು ತಲಿ ತಿರಗಾಕತ್ತೇತ್ರಿ ಮೇಡಂ, ಹಕ್ಕಿ ಕುಂತಽಽಽ ಕುಂತೈತಿ," ಎಂದು ಅವರು ಫೋನಿನಲ್ಲಿ ಹೇಳಿದರೆ ಸ್ಟಾಫ್ ರೂಮಿನಲ್ಲಿ ಎಲ್ಲರೂ ನನ್ನ ಕಡೆ ತಿರುಗುವಷ್ಟು ನಗು. ಎರಡು ವರ್ಷ ಹೀಗೇ ನಡೆಯಿತು. ಬಸ್ಸಿನಲ್ಲಿ ಒಂದು ತಾಸಿನ ದಾರಿ, ಆದರೂ ನಾವು ಒಬ್ಬರನ್ನೊಬ್ಬರು ಕಂಡಿರಲಿಲ್ಲ. ಕಾಣಬೇಕೆಂದು ಅನ್ನಿಸಿಯೂ ಇರಲಿಲ್ಲ, ದಿನಾ ಮಾತಾಡುತ್ತಿದ್ದೆವಲ್ಲ.

ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ಶಾರದಕ್ಕನ ಮೇಲೆ ನನಗೆ ಅಷ್ಟೊಂದು ಪ್ರೀತಿ ಇದ್ದದ್ದು ಅವರ ಫೋಟೊಗಳು ನನ್ನವಕ್ಕಿಂತ ಕೆಟ್ಟದಾಗಿದ್ದವು ಎಂದೇ. ಹುಸೇನಪ್ಪನ ಪಿಕಳಾರ ಹಕ್ಕಿ ನೋಡಿದರೆ ನನಗೆ ಉರಿ, ಸಂಡೂರಿನ ಡಾಕ್ಟರ ಚಿಟ್ಟೆ ನೋಡಿದರೆ ಉರಿ. ಶಾರದಕ್ಕನ ಕೊಂಬೆ ನೋಡಿದರೆ ಮಾತ್ರ ತಣ್ಣಗೆ, ಮಜ್ಜಿಗೆ ಕುಡಿದ ಹಾಗೆ.

ಈ ನಡುವೆ ಅವರ ಅಳಿಯ ಅವರಿಗೊಂದು ಸಣ್ಣ ಜೂಮ್ ಕ್ಯಾಮೆರಾ ತಂದುಕೊಟ್ಟ. ಕೊಂಬೆಗಳ ಮೇಲೆ ನಿಧಾನವಾಗಿ ಹಕ್ಕಿಗಳು ಕೂರತೊಡಗಿದವು. ಮೊದಲು ಅರ್ಧ ಹಕ್ಕಿ, ಆಮೇಲೆ ಪೂರ್ತಿ ಹಕ್ಕಿ, ಆಮೇಲೆ ಬಾಯಲ್ಲಿ ಮೀನು ಹಿಡಿದ ಹಕ್ಕಿ. "ಎಲ್ಲಾ ಮೇಡಂ ಕಲಿಸಿದ್ರಿ," ಎಂದು ಪ್ರತಿ ಸಲ ಬರೆಯುತ್ತಿದ್ದರು. ನಾನು ಹಾರ್ಟು ಒತ್ತುತ್ತಿದ್ದೆ, ಒತ್ತುವ ಮುಂಚೆ ಎರಡು ಬೆರಳಿಟ್ಟು ಹಿಗ್ಗಿಸುತ್ತಿದ್ದೆ.

ಇಲ್ಲಿ ನೀರುನಾಯಿಯ ವಿಷಯ ಹೇಳಬೇಕು. ತುಂಗಭದ್ರೆಯಲ್ಲಿ ನೀರುನಾಯಿಗಳಿವೆ ಎನ್ನುವುದು ಎಲ್ಲರಿಗೂ ಗೊತ್ತು. ಹರಿಗೋಲಿನವರು ಕಂಡಿದ್ದಾರೆ, ಮೀನಿನವರು ಬೈದಿದ್ದಾರೆ, ಹುಸೇನಪ್ಪ ಎರಡು ಸಲ ಫೋಟೊ ತೆಗೆದಿದ್ದಾನೆ. ನಾನು ಮೂರು ವರ್ಷ ಬಾಳೆದಿಂಡಿನಷ್ಟು ಉದ್ದದ ಲೆನ್ಸು ಹೊತ್ತು ಹಂಪಿಯ ಬಂಡೆಗಳ ಮೇಲೆ ಭಾನುವಾರಗಳನ್ನು ಸುಟ್ಟಿದ್ದೇನೆ. ನನಗೆ ಸಿಕ್ಕದ್ದು ಮರಳಿನ ಮೇಲೆ ಹೆಜ್ಜೆ, ಬಂಡೆಯ ಮೇಲೆ ಮೀನಿನ ಹುರುಪೆ ತುಂಬಿದ ಹಿಕ್ಕೆ, ಒಂದು ಸಲ ನೀರಿನ ಮೇಲೆ ನಾಲ್ಕು ಉಂಗುರ. ಆ ಉಂಗುರವನ್ನು ಬಾಲ ಸೋಮವಾರಕ್ಕೆ ಹಾಕಿದಾಗ ಶಾರದಕ್ಕ, "ಬರ್ತೈತಿ ಬಿಡ್ರಿ ಮೇಡಂ, ನಿಮ್ಮನ್ನ ಬಿಟ್ಟು ಎಲ್ಲಿಗೆ ಹೋಗ್ತೈತಿ," ಎಂದು ಬರೆದಿದ್ದರು.

ಬಂತು. ಆದರೆ ಬಂದದ್ದು ಅವರ ಹತ್ತಿರಕ್ಕೆ.

ಅವತ್ತು ಬುಧವಾರ. ಚಪಾತಿ ಲಟ್ಟಿಸುತ್ತ ಹಿಟ್ಟಿನ ಕೈಯಲ್ಲೇ ಮೊಬೈಲು ತೆರೆದೆ. ಒದ್ದೆ ಬಂಡೆಯ ಮೇಲೆ ತಾಯಿ ನೀರುನಾಯಿ, ಬಾಯಲ್ಲಿ ಕತ್ತು ಹಿಡಿದು ಎತ್ತಿದ ಮರಿ. ಮರಿಯ ನಾಲ್ಕೂ ಕಾಲು ಗಾಳಿಯಲ್ಲಿ ಜೋತುಬಿದ್ದಿವೆ. ಹಿಂದಿನಿಂದ ಎಳೆಬಿಸಿಲು ಬಿದ್ದು ತಾಯಿಯ ಮೀಸೆಯ ಒಂದೊಂದು ಕೂದಲೂ ಹೊಳೆಯುತ್ತಿದೆ. ಕೆಳಗೆ ಶಾರದಕ್ಕ: "ನಿಮ್ಮ ನೀರುನಾಯಿ ಬಂತ್ರೀ ಮೇಡಂ!" ಆಗಲೇ ಎಲ್ಲರೂ ಹಾರ್ಟು ಒತ್ತಿಯಾಗಿತ್ತು. ಹುಸೇನಪ್ಪ ಬರೆದಿದ್ದ: "ಅಕ್ಕಾ, ಇಂಥಾದ್ದು ನಮ್ಮ ಬಳಗದಾಗ ಇದುತನಕ ಬಂದಿಲ್ಲ. ಮಸ್ತ್!"

ಇದುತನಕ ಬಂದಿಲ್ಲವಂತೆ. ಹಾಗಾದರೆ ನನ್ನವೆಲ್ಲ?

ಹಿಟ್ಟಿನ ಬೆರಳಿಟ್ಟು ಹಿಗ್ಗಿಸಿದೆ. ಕಣ್ಣು ಸ್ಪಷ್ಟ. ಮೀಸೆ ಸ್ಪಷ್ಟ. ಮರಿಯ ಉಗುರೂ ಸ್ಪಷ್ಟ! ತಪ್ಪೇ ಇಲ್ಲ. ಹಿಗ್ಗಿಸುತ್ತ ಹಿಗ್ಗಿಸುತ್ತ ಮೂಲೆಗೆ ಹೋದಾಗ ಮಬ್ಬಾಗಿ ಒಂದು ಪಂಪ್‌ಹೌಸಿನ ಪೈಪು ಕಂಡಿತು, ಅದರ ಪಕ್ಕ ಬಂಡೆಯ ಸಂದಿಯಲ್ಲಿ ಬಿಲದ ಬಾಯಿ. ನಿಮ್ಮಾಣೆ, ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಚಪಾತಿ ತವೆಯ ಮೇಲೆ ಸೀದುಹೋಗುತ್ತಿತ್ತು, ನಾನು ನಿಂತು ಬರೆದೆ: "ಮರಿಗಳಿರುವ ಗೂಡು, ಬಿಲಗಳ ಚಿತ್ರವನ್ನು ಪ್ರಕಟಿಸುವುದು ಬಳಗದ ನಿಯಮಕ್ಕೆ ವಿರುದ್ಧವಾಗಿದೆ. ದಯವಿಟ್ಟು ಈ ಚಿತ್ರವನ್ನು ತೆಗೆದುಹಾಕಬೇಕಾಗಿ ವಿನಂತಿ."

ಎರಡು ನಿಮಿಷದಲ್ಲಿ ಉತ್ತರ ಬಂತು. "ತಪ್ಪಾತ್ರಿ ಮೇಡಂ. ತಗದೆ." ಫೋಟೊ ಮಾಯವಾಯಿತು.

ನಿಯಮದ ಪ್ರಕಾರ ನಾನು ಮಾಡಿದ್ದು ಸರಿ. ಅದೇ ಕಷ್ಟ. ತಪ್ಪು ಮಾಡಿದ್ದರೆ ಯಾರಾದರೂ ಬೈಯುತ್ತಿದ್ದರು, ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ. ಎಲ್ಲರೂ "ಮೇಡಂ ಹೇಳಿದ್ದು ಖರೇ" ಎಂದರು. ಯಜಮಾನರಿಗೆ ಹೇಳಿದೆ. ಅವರು ಸೀದ ಚಪಾತಿಯನ್ನು ತಿರುಗಿಸಿ ನೋಡುತ್ತ, "ನಿನ್ನ ಹೊಟ್ಟೀ ಮ್ಯಾಲ ಮಿರ್ಚಿ ಬಾಣಲಿ ಇಟ್ರ ನಮಗ ಗ್ಯಾಸ್ ಉಳೀತಿತ್ತು ನೋಡು," ಎಂದರು. ನಾನು ಎರಡು ದಿನ ಅವರೊಂದಿಗೆ ಮಾತು ಬಿಟ್ಟೆ.

ಆಮೇಲೆ ಸೋಮವಾರ ಬಂತು. ಶಾರದಕ್ಕನ ಕೊಂಬೆ ಬರಲಿಲ್ಲ. ಇನ್ನೊಂದು ಸೋಮವಾರವೂ ಬರಲಿಲ್ಲ. ಹುಸೇನಪ್ಪ, "ಕಂಪ್ಲಿ ಅಕ್ಕ ಎಲ್ಲಿ ಹೋದ್ರಿ?" ಎಂದು ಕೇಳಿದ. ಯಾರೋ ಒಂಟೆಯಂತೆ ಕಾಣುವ ಎಮ್ಮೆಯ ಫೋಟೊ ಹಾಕಿದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅದಕ್ಕೆ ಶಾರದಕ್ಕ ಏನು ಬರೆಯುತ್ತಿದ್ದರು ಎಂದು ಯೋಚಿಸುತ್ತ ಕುಳಿತೆ. ಫೋನು ಮಾಡೋಣವೆಂದು ಹೆಸರು ತೆರೆದು, ಮುಚ್ಚಿ, ತೆರೆದು, ಮುಚ್ಚಿದೆ.

ನನ್ನದು ನ್ಯಾಯವೇ ಆಗಿತ್ತೆಂದು ನನಗೆ ನಾನೇ ಸಾಬೀತು ಮಾಡಿಕೊಳ್ಳಲು ಒಂದು ಶನಿವಾರ ಮಧ್ಯಾಹ್ನ ಬಳಗದ ಹಳೆಯ ಫೋಟೊಗಳನ್ನು ಹಿಂದಕ್ಕೆ ಜಾರಿಸುತ್ತ ಹೋದೆ. ಎಲ್ಲೂ ಒಂದು ಗೂಡಿಲ್ಲ, ಎಲ್ಲರೂ ನಿಯಮ ಪಾಲಿಸಿದ್ದಾರೆ, ಅವರೊಬ್ಬರೇ ತಪ್ಪಿದವರು ಎಂದು ತೋರಿಸಿಕೊಳ್ಳಬೇಕಿತ್ತು. ಒಂದೂವರೆ ವರ್ಷ ಹಿಂದಕ್ಕೆ ಹೋದಾಗ ಗೂಡು ಸಿಕ್ಕಿತು. ನಮ್ಮ ಶಾಲೆಯ ದಾಸವಾಳದ ಗಿಡದಲ್ಲಿ ಜೋತುಬಿದ್ದ ಸೂರಕ್ಕಿಯ ಗೂಡು, ಎರಡು ಮರಿಗಳ ತೆರೆದ ಬಾಯಿ, ತುತ್ತು ಕೊಡುತ್ತಿರುವ ತಾಯಿ. ಹಾಕಿದವಳು ನಾನು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ! ನಾನೇ ಬರೆದ ನಿಯಮವನ್ನು ನಾನೇ ಮುರಿದು, ಹಾರ್ಟುಗಳ ಸಂಭ್ರಮದಲ್ಲಿ ಮರೆತೂ ಬಿಟ್ಟಿದ್ದೆ.

ಅದರ ಕೆಳಗೆ ಶಾರದಕ್ಕ ಬರೆದಿದ್ದರು: "ಎಲ್ಲೈತಿ ಅಂತ ಕೇಳಂಗಿಲ್ರೀ ಮೇಡಂ. ತಾಯಿ ಉಣಸಾಕತ್ತಾಳ, ನೋಡಿದ್ದ ಸಾಕು."

ಅಂದರೆ ಅವರಿಗೆ ಗೊತ್ತಿತ್ತು. ಆ ಬುಧವಾರ ಒಂದು ಮಾತು ಸಾಕಿತ್ತು, "ಮೇಡಂ, ನಿಮ್ಮ ಸೂರಕ್ಕಿ?" ಎಂದು. ಅಷ್ಟು ಜನರ ಮುಂದೆ ನನ್ನ ಮುಖಕ್ಕೆ ಮಸಿ ಬಳಿದಂತಾಗುತ್ತಿತ್ತು. ಅವರು ಅನ್ನಲಿಲ್ಲ. ಮೊದಲು ಆ ಸೂರಕ್ಕಿಯನ್ನು ಅಳಿಸಿದೆ. ಆಮೇಲೆ ಬಳಗದಲ್ಲಿ ಬರೆದೆ, ನಾನೂ ಗೂಡಿನ ಚಿತ್ರ ಹಾಕಿದ್ದೆ, ತಪ್ಪಾಯಿತು ಎಂದು. ಅದಕ್ಕೂ ಕಂಪ್ಲಿಯಿಂದ ಉತ್ತರವಿಲ್ಲ.

ಮರುದಿನ ಭಾನುವಾರ ಕಂಪ್ಲಿ ಬಸ್ಸು ಹತ್ತಿದೆ. ಕ್ಷಮೆ ಕೇಳಲು ಹೊರಟವಳಿಗೆ ಕ್ಯಾಮೆರಾ ಯಾಕೆ? ಅದನ್ನು ಮನೆಯಲ್ಲೇ ಇಟ್ಟು ಬಾಗಿಲವರೆಗೆ ಬಂದಿದ್ದೆ. ತಿರುಗಿ ಹೋಗಿ ಬ್ಯಾಗು ಹೆಗಲಿಗೆ ಹಾಕಿಕೊಂಡೆ.

ಗಿರಣಿ ಹುಡುಕುವುದು ಕಷ್ಟವಾಗಲಿಲ್ಲ. ಅದರ ಹಿಂದೆಯೇ ಮನೆ, ಕಿಟಕಿಯ ಸರಳುಗಳ ಮೇಲೆಲ್ಲ ತೌಡಿನ ಧೂಳು. ಬಾಗಿಲು ತೆರೆದವರು ಗಿಡ್ಡಗೆ, ಹಣೆ ತುಂಬ ವಿಭೂತಿ. ನಾನು ಎರಡು ವರ್ಷ ಅವರನ್ನು ಎತ್ತರದ ಹೆಂಗಸು ಎಂದೇ ಅಂದುಕೊಂಡಿದ್ದೆ.

"ಮೇಡಂ!" ಎಂದರು. ನನ್ನ ಹೆಗಲಿನ ಉದ್ದನೆಯ ಕ್ಯಾಮೆರಾ ಬ್ಯಾಗು ನೋಡಿಯೇ ಗುರುತು ಹಿಡಿದುಬಿಟ್ಟರು. "ಬರ್ರಿ, ಒಳಗ ಬರ್ರಿ. ಕುಂದ್ರಿ. ಬಿಸಲಾಗ ಬಂದೀರಿ, ನೀರು ಕೊಡ್ತೀನಿ." ನೀರು ತಂದರು. ಕೇಳುವ ಮುಂಚೆಯೇ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾಡಲು ಒಳಗೆ ಹೋದರು. ನಾನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತೆ. ಮಾತು ಎಲ್ಲಿಂದ ಶುರುಮಾಡಬೇಕೋ ತಿಳಿಯದೆ, "ಅಕ್ಕ, ಸಿಟ್ಟೇನ್ರಿ ನನ್ನ ಮ್ಯಾಲ?" ಎಂದು ಕೇಳಿದೆ.

ಅವರು ಮೆಣಸಿನಕಾಯಿಯನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಟ್ಟರು. "ಬಂದಿತ್ರಿ. ಸುಳ್ಳು ಯಾಕ ಹೇಳ್ಲಿ. ನಿಮ್ಮ ಸೂರಕ್ಕಿ ನೆನಪಾತು. ಬರದುಬಿಡ್ಲೇನು ಅಂತ ಬೆರಳು ಇಟ್ಟಿದ್ದೆ. ಅಷ್ಟು ಮಂದ್ಯಾಗ ನಿಮ್ಮ ಮರ್ಯಾದಿ ತಗದು ನಾ ಏನ್ ಉಣ್ಣಾಕಿ, ಅಂತ ಬಿಟ್ಟೆ. ಆಮ್ಯಾಲ ಬಳಗ ತಗದು ನೋಡಾಕ ಮನಸ ಬರ್ಲಿಲ್ಲ."

"ಅದು ನಿಯಮ ಅಲ್ಲಕ್ಕ," ಎಂದೆ. "ಹೊಟ್ಟಿಕಿಚ್ಚು. ಮೂರು ವರ್ಷ ನಾ ಕಾದೀನಿ. ಅದು ನಿಮಗ ಸಿಕ್ತು. ತಡಕೊಳ್ಳಾಕ ಆಗ್ಲಿಲ್ಲ ನನಗ."

ಶಾರದಕ್ಕ ಜಾಲರಿ ಎತ್ತಿ ಹಿಡಿದು ನನ್ನ ಕಡೆ ತಿರುಗಿದರು. "ಗೊತ್ತಾತ್ರಿ ಅವತ್ತ. ನೀವು ನನ್ನ ಜೋಡಿ ಎಂದ್ ಹಂಗ ಮಾತಾಡೀರಿ? 'ತೆಗೆದುಹಾಕಬೇಕಾಗಿ ವಿನಂತಿ'! ಕರೆಂಟ್ ಕಟ್ ಮಾಡೋ ನೋಟಿಸ್ ಬಂದಂಗಿತ್ತು." ಹೇಳುತ್ತ ಹೇಳುತ್ತ ಅವರಿಗೇ ನಗು ಬಂತು. ನಾನೂ ನಕ್ಕೆ. ಮೂರು ವಾರಗಳ ಮೇಲೆ ನಕ್ಕದ್ದು. ಮಿರ್ಚಿ ಒಂದು ಕಡೆ ಕಪ್ಪಾಯಿತು, ಅದನ್ನೇ ತಿಂದೆವು.

ತಟ್ಟೆ ತೊಳೆದಿಟ್ಟು ಅವರು ನನ್ನ ಬ್ಯಾಗಿನ ಕಡೆ ನೋಡಿದರು. "ತಂದೀರಲ್ಲ. ನಡೀರಿ ಹಂಗಾರ." ನನಗೆ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು. ಆದರೂ ನಡೆದೆ.

ಹೊಳೆಯ ದಂಡೆಗೆ ಹೋದಾಗ ಬಿಸಿಲು ಇಳಿಯುತ್ತಿತ್ತು. ಬಿಲದಿಂದ ದೂರ, ಜಾಲಿಯ ಮರೆಯಲ್ಲಿ ನನ್ನನ್ನು ಕೂರಿಸಿದರು. "ಇದಕ್ಕಿಂತ ಮುಂದ ಬ್ಯಾಡ್ರಿ, ತಾಯಿ ಹೆದರ್ತಾಳ. ಯಾರಿಗೂ ತೋರಿಸಿಲ್ಲ ನಾ ಇದನ್ನ. ಆ ಫೋಟೊ ಹಾಕಿದ್ದೂ ನೀವು ನೋಡ್ಲಿ ಅಂತ." ನಾನು ನೆಲ ನೋಡಿದೆ.

ಒಂದು ತಾಸು ಆಗಿರಬಹುದು. ಮೊದಲು ಮೀಸೆಯ ಮೂತಿ ನೀರಿನಿಂದ ಮೇಲೆ ಬಂತು. ಆಮೇಲೆ ತಾಯಿ ಬಂಡೆ ಹತ್ತಿ ಮೈ ಕೊಡವಿದಳು. ಹಿಂದೆಯೇ ಎರಡು ಮರಿ, ಈಗ ಬಾಯಲ್ಲಿ ಹಿಡಿಯುವಷ್ಟು ಚಿಕ್ಕವಲ್ಲ. ತಾಯಿ ಒಂದು ಮೀನು ಕೆಡವಿದಳು. ಒಂದು ಮರಿ ತಲೆ ಹಿಡಿಯಿತು, ಇನ್ನೊಂದು ಬಾಲ ಹಿಡಿಯಿತು. ಎರಡೂ ಮರಿ ಕಣ್ಣು ಮುಚ್ಚಿ ಜಗ್ಗಾಡುತ್ತಿದ್ದರೆ ತಾಯಿ ನಡುವೆ ಕುಳಿತು ನೇರ ನನ್ನ ಲೆನ್ಸಿನೊಳಗೆ ನೋಡಿದಳು. ನಾನು ಉಸಿರು ಬಿಗಿಹಿಡಿದು ಗುಂಡಿ ಒತ್ತಿದೆ. ಶಾರದಕ್ಕ ತಮ್ಮ ಕ್ಯಾಮೆರಾ ಮುಟ್ಟಲೇ ಇಲ್ಲ, ನನ್ನ ಲೆನ್ಸಿಗೆ ಬಿಸಿಲು ಹೊಡೆಯದಂತೆ ಸೆರಗು ಹಿಡಿದು ಕುಳಿತಿದ್ದರು.

ಅವು ನೀರಿಗಿಳಿದ ಮೇಲೆ ಕ್ಯಾಮೆರಾದ ಪುಟ್ಟ ತೆರೆಯಲ್ಲಿ ನೋಡಿದೆ. ಬಂದಿತ್ತು. ನನ್ನ ಜನ್ಮದಲ್ಲಿ ಅಂಥದ್ದು ಬಂದಿರಲಿಲ್ಲ.

"ಇದನ್ನ ಹಾಕಂಗಿಲ್ಲಕ್ಕ," ಎಂದೆ. "ಮರಿ ಅದಾವ, ಬಿಲಾನೂ ಕಾಣ್ತೈತಿ."

"ಹಾಕಬ್ಯಾಡ್ರಿ," ಎಂದರು. ಕೈ ಚಾಚಿದರು. "ನನಗ ತೋರಿಸ್ರಿ."

ಕೊಟ್ಟೆ. ಸೆರಗಿನ ನೆರಳು ಮಾಡಿಕೊಂಡು ನೋಡಿದರು, ಬಹಳ ಹೊತ್ತು ನೋಡಿದರು. "ಚಂದ ಬಂದೈತಿ," ಎಂದು ವಾಪಸು ಕೊಟ್ಟು ದಂಡೆ ಹತ್ತತೊಡಗಿದರು. ನಾನು ಹಿಂದೆ ನಡೆದೆ. ಅಷ್ಟೇನಾ, ಎನ್ನಿಸಿತು. ಹತ್ತು ಹೆಜ್ಜೆ ಹೋಗಿ ಅವರು ನಿಂತರು, ತಿರುಗಲಿಲ್ಲ.

"ಮೇಡಂ, ಒಂದು ಮಾತು ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಾ ಎರಡು ತಿಂಗಳಾತು, ದಿನಾ ಬಂದು ಕುಂದ್ರತೀನಿ. ಮೂರೂ ಕೂಡಿ ನನಗ ಒಂದ್ ಸಲಾನೂ ಸಿಕ್ಕಿಲ್ಲ. ನೀವು ಇವತ್ತ ಬಂದ್ರಿ, ಒಂದ ತಾಸಿನ್ಯಾಗ ತಗದುಬಿಟ್ರಿ." ಸೆರಗನ್ನು ಹೆಗಲ ಮೇಲೆ ಎಳೆದುಕೊಂಡರು. "ನನಗ ಭಾಳ ಹೊಟ್ಟಿ ಉರೀತೈತ್ರಿ."

ನಾನು ಓಡಿ ಹೋಗಿ ಅವರ ಪಕ್ಕ ನಿಂತೆ.

"ಏನಂದ್ರಿ ಅಕ್ಕ?" ಎಂದೆ. "ಇನ್ನೊಂದ್ ಸಲ ಹೇಳ್ರಿ."